ನಗರದ ಜಿಂಕೆಗಳಿಗೆ ಖನಿಜ ಪೂರಕ

ಊರೊಳಗೆ ಅಥವಾ ಊರಂಚಿನಲ್ಲಿ ಬದುಕುವ ಕಾಡುಜಿಂಕೆಗಳಿಗಾಗಿ ಉಪ್ಪು, ಕ್ಯಾಲ್ಸಿಯಂ, ರಂಜಕ ಮುಂತಾದವನ್ನು ನೆಕ್ಕುವ ಇಟ್ಟಿಗೆಯಾಗಿ ಇಲ್ಲವೇ ಪುಡಿಯಾಗಿ ಇಡುವ ರೂಢಿ. ಉತ್ತರ ಅಮೆರಿಕದ ಉಪನಗರಗಳಲ್ಲಿ ಬಿಳಿಬಾಲದ ಜಿಂಕೆಗಳಿಗೆ ಹೀಗೆ ಇಡುವವರಿದ್ದಾರೆ. ಮಾರುಕಟ್ಟೆಯ ಇಟ್ಟಿಗೆಯಲ್ಲಿ ಬಹುಪಾಲು ಸಾದಾ ಉಪ್ಪೇ. ಸತು, ತಾಮ್ರ, ಅಯೋಡಿನ್, ಕೋಬಾಲ್ಟ್‌ಗಳದು ಅತ್ಯಲ್ಪ ಪ್ರಮಾಣ.

ದೇಹದ ಬೇಡಿಕೆ

ಗಂಡಿನ ಕವಲುಗೊಂಬು ವರ್ಷವರ್ಷವೂ ಉದುರಿ ಮತ್ತೆ ಬೆಳೆಯುವ ಮೂಳೆ. ಬಲಿತ ಕೊಂಬಿನಲ್ಲಿ ಸುಮಾರು ಐದನೇ ಒಂದು ಪಾಲು ಕ್ಯಾಲ್ಸಿಯಂ, ಹತ್ತನೇ ಒಂದು ಪಾಲು ರಂಜಕ. ಕೆಲವೇ ತಿಂಗಳಲ್ಲಿ ಇಷ್ಟನ್ನು ಮೇವಿನಿಂದಷ್ಟೇ ಒದಗಿಸಲಾಗದೆ ದೇಹವು ಪಕ್ಕೆಲುಬುಗಳಿಂದ ಸಾಲ ಪಡೆದು, ಕೊಂಬು ಬಲಿತ ಮೇಲೆ ತೀರಿಸುತ್ತದೆ. ಹಾಗಾಗಿ ಕೊಂಬಿನ ಮಟ್ಟಿಗೆ ಒಂದು ಋತುವಿನ ಇಟ್ಟಿಗೆಗಿಂತ ವರ್ಷವಿಡೀ ಸಿಗುವ ಮೇವೇ ಮುಖ್ಯ. ವಯಸ್ಸು, ವಂಶಗುಣಗಳ ಪಾತ್ರವೂ ದೊಡ್ಡದು. ಇಟ್ಟಿಗೆಯಿಂದ ಕೊಂಬು ಹಿಗ್ಗುತ್ತದೆಂಬ ಜಾಹೀರಾತಿಗೆ ಕಾಡುಜಿಂಕೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ.

ಸೋಡಿಯಂ ಕತೆ ಬೇರೆ. ವಸಂತದ ಎಳೆಚಿಗುರಿನಲ್ಲಿ ನೀರು, ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಹೆಚ್ಚಾದ ಪೊಟ್ಯಾಸಿಯಂ ಹೊರಹೋಗುವಾಗ ಸೋಡಿಯಂ ಕೂಡ ನಷ್ಟವಾಗುತ್ತದೆ. ಹೆಣ್ಣುಗಳು ಗಬ್ಬವಾಗಿರುವ, ಹಾಲೂಡುವ ಕಾಲವೂ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ನೆಕ್ಕುತಾಣಗಳಿಗೆ ಜಿಂಕೆಗಳು ವಸಂತ, ಬೇಸಿಗೆಗಳಲ್ಲೇ ಹೆಚ್ಚು ಬರುವುದಕ್ಕೆ ಇದೇ ಕಾರಣವಿರಬೇಕು. ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪೂ ಅವನ್ನು ಸೆಳೆದು ವಾಹನಗಳಿಗೆ ಎದುರಾಗಿಸುತ್ತದೆ. ಇನ್ನುಳಿದ ಖನಿಜಗಳ ಮಟ್ಟಿಗೆ, ನೀರು ಗೊಬ್ಬರ ಉಂಡ ಕೈತೋಟಗಳನ್ನು ಮೇಯುವ ನಗರದ ಜಿಂಕೆಗೆ ಕೊರತೆ ಇದೆಯೆಂದು ಮೊದಲೇ ಭಾವಿಸುವುದು ಸರಿಯಲ್ಲ.

ರೋಗಭೀತಿ

ಜಿಂಕೆಗಳ ಮಿದುಳನ್ನು ಕ್ಷಯಿಸುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ 1967ರಲ್ಲಿ ಕೊಲರಾಡೊದ ಸೆರೆಜಿಂಕೆಗಳಲ್ಲಿ ಮೊದಲು ಕಂಡಿತು. ರೋಗಕಾರಕವು ಪ್ರಿಯಾನ್ ಎಂಬ ವಿಕೃತ ಪ್ರೋಟೀನ್. ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ನೆಲ ಸೇರಿ, ಜೇಡಿಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯಬಲ್ಲದು. ವಿಸ್ಕಾನ್ಸಿನ್‌ನ ನೆಕ್ಕುತಾಣಗಳ ಮಣ್ಣಿನಲ್ಲೂ ನೀರಿನಲ್ಲೂ ಪ್ರಿಯಾನ್ ಸಿಕ್ಕಿದ್ದನ್ನು 2018ರ ಅಧ್ಯಯನವೊಂದು ವರದಿ ಮಾಡಿತು. ಇಟ್ಟಿಗೆ ಕರಗಿಹೋದರೂ ಉಪ್ಪುಂಡ ಮಣ್ಣನ್ನು ಜಿಂಕೆಗಳು ಕೆರೆದು ತಿನ್ನುತ್ತಲೇ ಇರುವುದರಿಂದ ಇಟ್ಟಿಗೆಯನ್ನು ತೆಗೆದ ಮಾತ್ರಕ್ಕೆ ಅಪಾಯ ತೊಲಗದು. ಅಮೆರಿಕದ ಹಲವು ರಾಜ್ಯಗಳು ಖನಿಜ ಇಡುವುದನ್ನು ನಿಷೇಧಿಸಿವೆ ಅಥವಾ ನಿರ್ಬಂಧಿಸಿವೆ.

ಭಾರತದಲ್ಲಿ

ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಗಳೇ ಕೃತಕ ಉಪ್ಪುನೆಕ್ಕು ತಾಣಗಳನ್ನು ಮಾಡುವುದುಂಟು. ನಗರದ ನಡುವೆ ಚುಕ್ಕೆಜಿಂಕೆಗಳಿರುವುದಕ್ಕೆ ಚೆನ್ನೈನ ಗಿಂಡಿ ರಾಷ್ಟ್ರೀಯ ಉದ್ಯಾನ ಮತ್ತು ಪಕ್ಕದ ಐಐಟಿ ಆವರಣ ಪ್ರಸಿದ್ಧ ನಿದರ್ಶನ. ಅಲ್ಲಿ ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದುಂಟು. ಉಪ್ಪಿನ ತಿನಿಸು ಅಂಟಿದ ಚೀಲಗಳು ಅವನ್ನು ಸೆಳೆದಿರಬಹುದು. ಅಂಥಲ್ಲಿ ಇಟ್ಟಿಗೆ ಇಡುವುದಕ್ಕಿಂತ ಕಸ ತೆಗೆಯುವುದೇ ಮೊದಲ ಕೆಲಸ.