ಹಗ್ಗದ ತುದಿಯ ಶೌರ್ಯ: 34 ವರ್ಷ ಕಾದ ಪದಕ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಉಕ್ಕಿ ಹರಿದು ಜಮಖಂಡಿ, ಮುಧೋಳ ಭಾಗದ ನದಿತೀರದ ಹಳ್ಳಿಗಳು ಜಲಾವೃತವಾಗಿದ್ದವು. ಅದೇ ತಿಂಗಳು ತುಂಗಭದ್ರೆಯ ಪ್ರವಾಹದಿಂದ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ಮೂಲಕ ಪಾರು ಮಾಡಲಾಯಿತು. ಇಂಥ ಸಂದರ್ಭಗಳಲ್ಲಿ ಜನರ ಕಣ್ಣು ಹೆಲಿಕಾಪ್ಟರಿನ ಮೇಲೆ ನೆಟ್ಟಿರುತ್ತದೆ, ಪೈಲಟ್‌ನ ಹೆಸರು ಸುದ್ದಿಯಾಗುತ್ತದೆ. ಬಾಗಿಲ ಬಳಿ ನಿಂತು ಹಗ್ಗ ಇಳಿಸುವ, ಅಗತ್ಯ ಬಿದ್ದರೆ ತಾನೇ ಅದರಲ್ಲಿ ಇಳಿಯುವ ಸಿಬ್ಬಂದಿಯ ಹೆಸರು ಅನೇಕ ಬಾರಿ ಅಜ್ಞಾತವಾಗಿಯೇ ಉಳಿಯುತ್ತದೆ.

ಅಂಥ ಸಿಬ್ಬಂದಿಯ ಶೌರ್ಯಕ್ಕೆ ಮನ್ನಣೆ ದೊರೆಯುವುದು ಎಷ್ಟು ಕಠಿಣ ಎಂಬುದಕ್ಕೆ ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕದ ವಾಯುಯೋಧ ವಿಲಿಯಂ ಪಿಟ್ಸನ್‌ಬಾರ್ಗರ್ ಪ್ರಕರಣ ನಿದರ್ಶನವಾಗಿದೆ.

ಕಾಡಿನ ಮೇಲೆ ಹಸ್ಕಿ

ಪಿಟ್ಸನ್‌ಬಾರ್ಗರ್ ಜನಿಸಿದ್ದು 1944ರಲ್ಲಿ, ಒಹಾಯೊ ರಾಜ್ಯದ ಪಿಕ್ವಾ ಎಂಬ ಪಟ್ಟಣದಲ್ಲಿ. ಅಧಿಕಾರಿ ಶ್ರೇಣಿಗೆ ಸೇರದ ಸಾಮಾನ್ಯ ಯೋಧನಾಗಿ ವಾಯುಪಡೆ ಸೇರಿದ ಆತ ರಕ್ಷಣಾ ಕಾರ್ಯ ಹಾಗೂ ಪ್ರಥಮ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದನು. 1965ರಲ್ಲಿ ದಕ್ಷಿಣ ವಿಯೆಟ್ನಾಂನ ಬಿಯೆನ್ ಹೋವಾ ನೆಲೆಗೆ ನಿಯುಕ್ತನಾಗಿ, 'ಹಸ್ಕಿ' ಹೆಸರಿನ ಪುಟ್ಟ ಹೆಲಿಕಾಪ್ಟರಿನಲ್ಲಿ 250ಕ್ಕೂ ಹೆಚ್ಚು ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡನು. 1966ರ ಮಾರ್ಚ್‌ನಲ್ಲಿ, ಹೊತ್ತಿ ಉರಿಯುತ್ತಿದ್ದ ನೆಲಬಾಂಬುಗಳ ಬಯಲಿಗೆ ಹಗ್ಗದಲ್ಲಿ ಇಳಿದು, ಪಾದ ಕಳೆದುಕೊಂಡಿದ್ದ ದಕ್ಷಿಣ ವಿಯೆಟ್ನಾಂ ಯೋಧನೊಬ್ಬನನ್ನು ಮೇಲಕ್ಕೆ ತಂದ ಸಾಹಸಕ್ಕೆ ಆತನಿಗೆ 'ಏರ್‌ಮನ್ಸ್ ಮೆಡಲ್' ಸಂದಿತು.

ಮುಂದಿನ ತಿಂಗಳು, ಏಪ್ರಿಲ್ 11ರಂದು, ಸೈಗಾನ್ ನಗರದ ಪೂರ್ವದಲ್ಲಿರುವ ಕ್ಯಾಮ್ ಮಿ ಬಳಿಯ ಕಾಡಿನಲ್ಲಿ 134 ಸೈನಿಕರ ಪದಾತಿ ತುಕಡಿಯೊಂದು ವಿಯೆಟ್‌ಕಾಂಗ್ ಪಡೆಯ ಮುತ್ತಿಗೆಗೆ ಸಿಲುಕಿತು. ದಟ್ಟ ಮರಗಳಿಂದಾಗಿ ಹೆಲಿಕಾಪ್ಟರ್ ಇಳಿಯಲು ಜಾಗವಿರಲಿಲ್ಲ. ಗಾಯಾಳುಗಳನ್ನು ಮೇಲಕ್ಕೆ ಕಳುಹಿಸುವ ಕ್ರಮ ಕೆಳಗಿದ್ದ ಸೈನಿಕರಿಗೆ ತಿಳಿಯದೆ ಹೋದಾಗ, ಪಿಟ್ಸನ್‌ಬಾರ್ಗರ್ ತಾನೇ ಹಗ್ಗದಲ್ಲಿ ಕೆಳಗಿಳಿದನು. ಒಂಬತ್ತು ಗಾಯಾಳುಗಳು ಮೇಲೇರಿದರು. ಗುಂಡೇಟಿನಿಂದ ಹೆಲಿಕಾಪ್ಟರ್ ಹಾನಿಗೊಂಡು ಹಿಂದಿರುಗಬೇಕಾಗಿ ಬಂದಾಗ, ಆತ ಅದನ್ನು ಏರದೆ ಅಲ್ಲಿಯೇ ಉಳಿದನು. ಬಳ್ಳಿಗಳಿಂದ ಮುರಿದ ಮೂಳೆಗಳಿಗೆ ಕಟ್ಟು ಹಾಕಿದನು, ಎಳೆಯ ಮರಗಳಿಂದ ಸ್ಟ್ರೆಚರ್ ಮಾಡಿದನು, ಮಡಿದವರ ಬಳಿಯ ಗುಂಡುಗಳನ್ನು ಕೂಡಿಸಿ ಹೋರಾಡುತ್ತಿದ್ದವರಿಗೆ ಹಂಚಿದನು. ಅಂದು ಸಂಜೆ ಗುಂಡಿಗೆ ಬಲಿಯಾದಾಗ ಆತನ ವಯಸ್ಸು ಕೇವಲ 21. ತುಕಡಿಯ 106 ಮಂದಿ ಸತ್ತಿದ್ದರು ಇಲ್ಲವೆ ಗಾಯಗೊಂಡಿದ್ದರು.

ಸಾಕ್ಷಿಯ ಪ್ರಶ್ನೆ

1966ರಲ್ಲಿಯೇ ಆತನಿಗೆ ಮರಣೋತ್ತರವಾಗಿ 'ಏರ್ ಫೋರ್ಸ್ ಕ್ರಾಸ್' ನೀಡಲಾಯಿತು. ಇದು ಅಮೆರಿಕದ ವಾಯುಪಡೆಯಲ್ಲಿ ಎರಡನೆಯ ಅತ್ಯುನ್ನತ ಶೌರ್ಯ ಗೌರವ. ಅತ್ಯುನ್ನತವಾದ 'ಮೆಡಲ್ ಆಫ್ ಆನರ್' ಮಾತ್ರ ದೊರೆಯಲಿಲ್ಲ. ಸಾಕಷ್ಟು ದಾಖಲೆ ಇಲ್ಲವೆಂಬುದು ಅದಕ್ಕೆ ಕಾರಣವಾಗಿತ್ತು. ಆತ ವಾಯುಪಡೆಯವನು, ಆತನ ಕೊನೆಯ ಗಂಟೆಗಳನ್ನು ಕಂಡವರು ಭೂಸೇನೆಯವರು. ಹೆಲಿಕಾಪ್ಟರಿನಲ್ಲಿದ್ದವರಿಗೆ ಮರಗಳ ಕೆಳಗೆ ನಡೆದದ್ದು ಕಾಣಿಸಿರಲಿಲ್ಲ.

ದಶಕಗಳ ನಂತರ, ಬದುಕುಳಿದ ಸೈನಿಕರ ಹೇಳಿಕೆಗಳನ್ನು ಸಂಗ್ರಹಿಸಿ ಪ್ರಕರಣವನ್ನು ಮತ್ತೆ ಮಂಡಿಸಲಾಯಿತು. 2000ದ ಡಿಸೆಂಬರ್ 8ರಂದು ಆತನ ವೃದ್ಧ ತಂದೆ 'ಮೆಡಲ್ ಆಫ್ ಆನರ್' ಸ್ವೀಕರಿಸಿದರು. ಮಗ ಮಡಿದು ಆಗ 34 ವರ್ಷಗಳಾಗಿದ್ದವು. ಈ ಕಥೆಯನ್ನು ಆಧರಿಸಿದ 'ದ ಲಾಸ್ಟ್ ಫುಲ್ ಮೆಷರ್' ಚಲನಚಿತ್ರ 2020ರಲ್ಲಿ ಅಮೆರಿಕದಲ್ಲಿ ತೆರೆಕಂಡಿತು.

ನಮ್ಮಲ್ಲಿನ ಗೌರವಗಳು

ಭಾರತದಲ್ಲಿ ಶತ್ರುವಿನೆದುರಿನ ಶೌರ್ಯಕ್ಕೆ ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳಿವೆ. ರಕ್ಷಣಾ ಕಾರ್ಯದಂತಹ ಇತರ ಸಾಹಸಗಳಿಗೆ ಅಶೋಕ, ಕೀರ್ತಿ ಮತ್ತು ಶೌರ್ಯ ಚಕ್ರಗಳು ಮೀಸಲು. ವಾಯುಪಡೆಯವರಿಗೆ 1960ರಲ್ಲಿ ಸ್ಥಾಪಿತವಾದ ವಾಯುಸೇನಾ ಪದಕವೂ ಇದೆ. 1992ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದ ಪರವಾಣುವಿನಲ್ಲಿ ಕೇಬಲ್ ಕಾರಿನೊಳಗೆ ಸಿಲುಕಿದವರನ್ನು ಪಾರು ಮಾಡಿದ ಕಾರ್ಯಾಚರಣೆ ಇದಕ್ಕೆ ಉತ್ತಮ ಉದಾಹರಣೆ. ಹೆಲಿಕಾಪ್ಟರ್ ನಡೆಸಿದ, ಮುಂದೆ ವಾಯುಪಡೆಯ ಮುಖ್ಯಸ್ಥರಾದ ಫಾಲಿ ಹೋಮಿ ಮೇಜರ್ ಅವರಿಗೆ ಶೌರ್ಯ ಚಕ್ರ ಸಂದರೆ, ಹಗ್ಗದಲ್ಲಿ ಇಳಿದ ಭೂಸೇನೆಯ ಮೇಜರ್ ಐವನ್ ಕ್ರಾಸ್ಟೊ ಅವರಿಗೆ ಅದಕ್ಕಿಂತ ಮೇಲ್ದರ್ಜೆಯ ಕೀರ್ತಿ ಚಕ್ರ ಲಭಿಸಿತು. ಅಲ್ಲಿ ಇಳಿದವನ ಸಾಹಸವನ್ನು ಎಲ್ಲರೂ ಕಂಡಿದ್ದರು.

ಅಧಿಕಾರಿಯಲ್ಲದ ವಾಯುಯೋಧರು ತರಬೇತಿ ಪಡೆಯುವ ಶಾಲೆ ಜಮಖಂಡಿಯ ನೆರೆಯ ಬೆಳಗಾವಿ ಜಿಲ್ಲೆಯ ಸಾಂಬ್ರಾದಲ್ಲಿದೆ. ಅಲ್ಲಿಂದ ಹೊರಬರುವವರಲ್ಲಿ ಕೆಲವರು ನಾಳೆ ಹೆಲಿಕಾಪ್ಟರಿನ ಬಾಗಿಲಲ್ಲಿ ನಿಲ್ಲಬಹುದು. ಅವರ ಶೌರ್ಯಕ್ಕೆ ಸಕಾಲದಲ್ಲಿ ಮನ್ನಣೆ ಸಿಗಬೇಕಾದರೆ, ಅವರಿಂದ ಬದುಕುಳಿದವರು ಕಂಡದ್ದನ್ನು ಹೇಳಬೇಕು, ಹೇಳಿದ್ದು ಆಗಲೇ ದಾಖಲಾಗಬೇಕು. ಪಿಟ್ಸನ್‌ಬಾರ್ಗರ್ ಪ್ರಕರಣ ಕಲಿಸುವ ಪಾಠವಿದು.