ಶಾವಿಗೆ ಮಣೆ, ಇಟಲಿಯ ಪಾಸ್ತಾ, ಮುಚ್ಚಳದ ಮೇಲಿನ ಕೆಂಡ



ಈಗ ರಾಯದುರ್ಗದ ಕಿರಾಣಿ ಅಂಗಡಿಗಳಲ್ಲೂ ಪಾಸ್ತಾ ಪ್ಯಾಕೆಟ್ಟು ತೂಗುತ್ತಿರುತ್ತದೆ. ಕೊಳವೆಯಂಥದ್ದು, ತಿರುಪಿನಂಥದ್ದು, ಶಂಖದಂಥದ್ದು. ಮಕ್ಕಳು ಮೊಬೈಲಿನಲ್ಲಿ ನೋಡಿ, ಮೇಲೆ ಚೀಸು ಕರಗಿ ಕೆಂಪಗೆ ಬೆಂದ ಪಾಸ್ತಾ ಬೇಕು ಅನ್ನುತ್ತಾರೆ. ಮನೆಯ ಹಿರಿಯರು, "ಅದು ಪರದೇಶದ ತಿಂಡಿ, ಅದಕ್ಕೆ ಓವನ್ ಬೇಕು, ನಮ್ಮ ಕೈಲಿ ಆಗದು" ಎಂದುಬಿಡುತ್ತಾರೆ. ಸಮಾಜ ವಿಜ್ಞಾನ ಪಾಠ ಹೇಳುವ ನಮಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಗೋದಿ ಹಿಟ್ಟು ನಾದಿ, ಎಳೆ ತೆಗೆದು, ಒಣಗಿಸಿ, ಡಬ್ಬಿಗೆ ತುಂಬಿ ವರ್ಷವಿಡೀ ಉಣ್ಣುವ ವಿದ್ಯೆ ಇದೇ ಮನೆಗಳಲ್ಲಿತ್ತು. ಕೆಳಗೂ ಮೇಲೂ ಬೆಂಕಿ ಇಟ್ಟು ಬೇಯಿಸುವ ವಿದ್ಯೆಯನ್ನೂ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಎರಡೂ ಕಣ್ಮರೆಯಾದ ಮೇಲೆ ಪಾಸ್ತಾ ಪರದೇಶದ್ದಾಗಿ ಕಾಣುತ್ತಿದೆ, ಅಷ್ಟೆ.

ನಮ್ಮ ಊರುಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ಮೂರೂ ಆ ಕಡೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಆದಾಗಿನಿಂದಲೂ ಅದರಲ್ಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೀಗೆ ಜಿಲ್ಲೆಗಳು ಬದಲಾದವು, ರಾಜ್ಯಗಳು ಬದಲಾದವು, ಊಟ ಮಾತ್ರ ಮಣ್ಣನ್ನು ನಂಬಿಕೊಂಡೇ ಉಳಿಯಿತು. ಕಣೇಕಲ್ಲು, ಡಿ.ಹೀರೇಹಾಳು ಕಡೆ ಕಪ್ಪು ಎರೆಭೂಮಿ ಇದೆ. ಬಳ್ಳಾರಿ ಕಡೆಯಂತೆ ಅಲ್ಲಿ ಜೋಳದ ರೊಟ್ಟಿ, ಹಬ್ಬಕ್ಕೆ ಗೋದಿ ಶಾವಿಗೆ. ಮಡಕಶಿರಾ, ಅಮರಾಪುರಂ, ರೊಳ್ಳ ಕಡೆ ಕೆಂಪು ಮಣ್ಣು. ಸಿರಾ, ಪಾವಗಡದವರಂತೆ ಅಲ್ಲಿ ರಾಗಿ ಮುದ್ದೆ, ನೆಂಟರು ಬಂದರೆ ಒತ್ತು ಶಾವಿಗೆ. ಹೀಗೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಅಡುಗೆಗಳಿವೆ.

ಒತ್ತು ಶಾವಿಗೆ ಎಂದರೆ ರಾಗಿ ಅಥವಾ ಅಕ್ಕಿ ಹಿಟ್ಟಿನ ಮುದ್ದೆಯನ್ನು ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತುವುದು. ಒರಳಿನ ತಳದಲ್ಲಿ ತೂತುಗಳಿರುತ್ತವೆ. ಮೇಲಿನ ಹಿಡಿಯನ್ನು ಒಬ್ಬರು ಭಾರ ಹಾಕಿ ಒತ್ತಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸಬೇಕು. ಆಗಲೇ ಕಾಯಿಹಾಲು ಬೆಲ್ಲದ ಜೊತೆ ತಿನ್ನಬೇಕು, ನಾಳೆಗೆ ಇಡುವ ಮಾತಿಲ್ಲ. ಗೋದಿಯದು ಹಾಗಲ್ಲ. ಅದನ್ನು ಹಸಿಯಾಗಿಯೇ ಎಳೆ ತೆಗೆದು ಒಣಗಿಸಿ ಇಟ್ಟುಕೊಳ್ಳುವುದು. ಇಟಲಿಯ ಒಣ ಪಾಸ್ತಾಕ್ಕೆ ಖಾಸಾ ಬಳಗ ಇದೇ.

ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದಿರುತ್ತದೆ, ಬಿಸಿಲು ಚುರುಗುಟ್ಟುತ್ತದೆ. ಅದೇ ಶಾವಿಗೆ ಕಾಲ. ಗೋದಿಗೆ ನೀರು ಚಿಮುಕಿಸಿ ಇಟ್ಟು, ಆರಿಸಿ, ಬೀಸಿ, ಜರಡಿ ಹಿಡಿದು ತೌಡು ಬೇರೆ ಮಾಡುತ್ತಾರೆ. ಉಳಿದ ನುಣ್ಣನೆ ರವೆ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಡುತ್ತಾರೆ. ಆಮೇಲೆ ಎಣ್ಣೆ ಕೈಯಿಂದ ನಾದುವುದು, ಒರಳಲ್ಲಿ ಹಾಕಿ ಕುಟ್ಟುವುದು, ಮತ್ತೆ ನಾದುವುದು. ಕಣಕ ಎಳೆದರೆ ಹರಿಯದೆ ಬರಬೇಕು. ಶಾವಿಗೆ ಮಣೆಯ ಮೇಲೆ ಉದ್ದಕ್ಕೂ ಸಣ್ಣ ಗೀರುಗಳಿರುತ್ತವೆ. ಅದನ್ನು ಓರೆಯಾಗಿ ಎತ್ತಿ ನಿಲ್ಲಿಸಿ, ಕಣಕದ ಉಂಡೆ ಇಟ್ಟು ಅಂಗೈಯಿಂದ ತಿಕ್ಕಿದರೆ ಗೀರಿನ ಗುಂಟ ಎಳೆ ಇಳಿಯುತ್ತದೆ. ಕೆಳಗೆ ಕುಳಿತವಳು ಆ ಎಳೆಯನ್ನು ತುಂಡಾಗದಂತೆ ಹಿಡಿದು ಕೋಲಿನ ಮೇಲೆ ಹಾಕುತ್ತಾಳೆ. ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಮುಯ್ಯಾಳಾಗಿ ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರು. ಎಳೆ ಒಂದೇ ಅಲ್ಲ, ಬೆರಳ ತುದಿಯಲ್ಲಿ ಹೊಸೆದ ಸೌತೆಬೀಜ, ಗವಲಿ, ಪರಡಿ ಎಂದು ಬಳ್ಳಾರಿ, ಧಾರವಾಡ ಕಡೆ ಎಷ್ಟೊಂದು ಆಕಾರಗಳು! ಮದುವೆ ಮನೆಯಲ್ಲಿ ಇವುಗಳನ್ನು ತಟ್ಟೆಗಳಲ್ಲಿ ಹೊಂದಿಸಿ ತೋರಿಸುವುದೂ ಉಂಟು. ಇಟಲಿಯವರು ಕಿವಿಯಾಕಾರಕ್ಕೊಂದು, ಚಿಟ್ಟೆಯಾಕಾರಕ್ಕೊಂದು ಹೆಸರಿಟ್ಟರೆ ನಾವು ಬೆರಗಾಗುತ್ತೇವೆ, ನಮ್ಮ ಸೌತೆಬೀಜಕ್ಕೆ ಹೆಸರಿಟ್ಟ ಅಜ್ಜಿಯನ್ನು ಯಾರೂ ಕೇಳುವುದಿಲ್ಲ.

ಇರಲಿ, ಇತಿಹಾಸಕ್ಕೆ ಬರೋಣ.

ಪಾಸ್ತಾವನ್ನು ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ತಂದ ಎಂಬ ಕಥೆಯನ್ನು ಬಹಳ ಜನ ಕೇಳಿರುತ್ತಾರೆ. ಇದು ಕಟ್ಟುಕಥೆ. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲು, 1279ರಲ್ಲಿ, ಜಿನೋವಾ ಪಟ್ಟಣದ ಒಂದು ಆಸ್ತಿ ಪಟ್ಟಿಯಲ್ಲಿ ಒಂದು ಪೆಟ್ಟಿಗೆ ಮಾಕರೋನಿ ದಾಖಲಾಗಿದೆ. ಇನ್ನೂ ಹಿಂದೆ, 1154ರಲ್ಲಿ, ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಅರಬ್ ಭೂಗೋಳಜ್ಞ ಅಲ್ ಇದ್ರಿಸಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನಲ್ಲಿ 'ಇತ್ರಿಯ್ಯ' ಎಂಬ ಹಿಟ್ಟಿನ ಎಳೆಗಳನ್ನು ಅಪಾರವಾಗಿ ಮಾಡಿ ಹಡಗುಗಳಲ್ಲಿ ತುಂಬಿ ಕಳಿಸುತ್ತಾರೆ ಎಂದು ಬರೆದ. ಚೀನಾದ ಕಥೆಯನ್ನು ಜನಪ್ರಿಯ ಮಾಡಿದ್ದು 1929ರ ಒಂದು ಅಮೆರಿಕನ್ ಪತ್ರಿಕೆ. ಅದು ಮಾಕರೋನಿ ತಯಾರಕರದೇ ಪತ್ರಿಕೆಯಾಗಿತ್ತು!

ಈಗ ನಮ್ಮ ಕಡೆಯ ತೇದಿ ನೋಡಿ. 1025ರಲ್ಲಿ ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. (ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ. ಈತ ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದವನು, ಎರಡನೆಯ ಚಾವುಂಡರಾಯ.) ಬಾವಿ ತೋಡುವುದು, ಗಿಡ ಸಾಕುವುದು, ದನದ ವೈದ್ಯ, ಸುಗಂಧ ಎಲ್ಲ ಇರುವ ಆ ಪುಸ್ತಕದಲ್ಲಿ ಸೂಪಶಾಸ್ತ್ರದ ಭಾಗವೂ ಇದೆ. ಶಾವಿಗೆ ಮಾಡುವ ಕ್ರಮವೂ ಅದನ್ನು ಒತ್ತುವ ಅಚ್ಚೂ ಅಲ್ಲಿ ಬರುತ್ತವೆ. ಅಲ್ ಇದ್ರಿಸಿಗಿಂತ 129 ವರ್ಷ ಮೊದಲು! ಆ ಕಾಲಕ್ಕೆ ನಮ್ಮ ಈ ನೆಲವೇನೂ ಹೊರಗಿನದಲ್ಲ. ಮಡಕಶಿರಾ ಪಕ್ಕದ ಅಮರಾಪುರಂ ಮಂಡಲದ ಹೇಮಾವತಿ ಎಂದರೆ ನೊಳಂಬರ ರಾಜಧಾನಿ ಹೆಂಜೇರು. ನೊಳಂಬವಾಡಿ ಮುಂದೆ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಬಂತು. ಹೇಮಾವತಿಯ ಗುಡಿಯ ಕಂಬಗಳನ್ನು ಮಕ್ಕಳಿಗೆ ತೋರಿಸುವಾಗ ನಾವು ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಆ ಕಂಬ ಕಡೆದವರು ಮಧ್ಯಾಹ್ನ ಏನು ಉಂಡರು ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ.

ಹಾಗಂತ ಶಾವಿಗೆಯನ್ನು ಇಟಲಿಗೆ ಕಲಿಸಿದವರು ಕನ್ನಡಿಗರು ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಅದೂ ಮಾರ್ಕೊ ಪೋಲೊ ಕಥೆಯ ಜಾತಿಗೇ ಸೇರುತ್ತದೆ. ಹಿಟ್ಟು, ನೀರು, ಬಿಸಿಲು ಇರುವ ಕಡೆಯೆಲ್ಲ ಎಳೆ ಹುಟ್ಟಬಹುದು. ಮೊದಲು ಯಾರು ಎನ್ನುವುದಕ್ಕಿಂತ ಮುಂದೆ ಏನಾಯಿತು ಎನ್ನುವುದು ನಮಗೆ ಮುಖ್ಯ. ತ್ರಾಬಿಯಾದಲ್ಲಿ ಎಳೆ ಹಡಗು ಹತ್ತಿತು, ವ್ಯಾಪಾರವಾಯಿತು, ಲೆಕ್ಕಕ್ಕೆ ಬಂತು, ಲೆಕ್ಕಕ್ಕೆ ಬಂದದ್ದು ಇತಿಹಾಸಕ್ಕೂ ಬಂತು. ನಮ್ಮಲ್ಲಿ ಅದು ಹೆಂಗಸರ ಮುಯ್ಯಿಯಲ್ಲೇ ಉಳಿಯಿತು. ಅದಕ್ಕೆ ಕೂಲಿಯೂ ಇಲ್ಲ, ದಾಖಲೆಯೂ ಇಲ್ಲ.

ಆ ಕೆಲಸವನ್ನು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು. ಬೆಳಗಿನಿಂದ ನಾದಿ ತಿಕ್ಕಿದ ಭುಜ ರಾತ್ರಿ ನೋಯುತ್ತಿತ್ತು. ತಿರುಗಿಸುವ ಶಾವಿಗೆ ಮಿಷನ್ನು ಬಂದಾಗ ಹೆಂಗಸರು ಮಣೆಯನ್ನು ಅಟ್ಟಕ್ಕೆ ಏರಿಸಿದ್ದು ನ್ಯಾಯವೇ. ಆಮೇಲೆ ಪ್ಯಾಕೆಟ್ಟು ಬಂತು. ರಾಯದುರ್ಗದಲ್ಲಿ ಈಗ ಎಷ್ಟೋ ಮನೆಗಳ ಹೆಂಗಸರು ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ತುಂಡಿಗಿಷ್ಟು ಎಂದು ಲೆಕ್ಕ ಹಾಕಿ ದುಡ್ಡು ಕೈಗೆ ಬರುತ್ತದೆ. ಆ ಹೊತ್ತನ್ನು ಶಾವಿಗೆಗೆ ಕೊಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ಕೆಲಸದ ಜೊತೆ ಮಾತೂ ಹೋಯಿತು. ಈಗ ನಮ್ಮ ತರಗತಿಯ ಮಕ್ಕಳಿಗೆ ಗೊತ್ತಿರುವುದು 'ಸೇಮ್ಯಾ'. ಅದು ತೆಲುಗಿನ ಮಾತು, ಒಳ್ಳೆಯ ಮಾತೇ, ಬೇಡ ಅನ್ನುವುದಿಲ್ಲ. ಆದರೆ ಶಾವಿಗೆ ಎಂದರೆ "ಪುಸ್ತಕದ ಪದ ಸಾರ್" ಅನ್ನುತ್ತಾರೆ. ಕಣಕ, ಮುಯ್ಯಿ, ಗವಲಿ ಎಂದರೆ ಮುಖ ಮುಖ ನೋಡುತ್ತಾರೆ. ಗಡಿಯಾಚೆ ಇದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಕಲಿಸುವವರಿಗೆ ಇದರ ನೋವು ಗೊತ್ತು. ಪಠ್ಯಪುಸ್ತಕವನ್ನು ಸರ್ಕಾರ ಕೊಡಬಹುದು, ಅಡುಗೆಮನೆಯ ಕನ್ನಡವನ್ನು ಯಾವ ಸರ್ಕಾರವೂ ಅಚ್ಚು ಹಾಕಿಸುವುದಿಲ್ಲ. ಇನ್ನೊಂದು ತಮಾಷೆ ನೋಡಿ. ನಮ್ಮ ಕಡೆ ಬಹಳ ಮನೆಗಳಿಗೆ ಬರುವ ಹೈದರಾಬಾದಿನ ಸೇಮ್ಯಾದ ಹೆಸರು ಬ್ಯಾಂಬಿನೊ. ಅದು ಇಟಲಿಯ ಮಾತು, ಮಗು ಎಂದರ್ಥ. ಪ್ಯಾಕೆಟ್ಟಿನ ಮೇಲಿರುವ ವರ್ಮಿಸೆಲ್ಲಿ ಎಂಬುದೂ ಇಟಲಿಯದೇ, ಸಣ್ಣ ಹುಳುಗಳು ಎಂದರ್ಥ. ಅಂದರೆ ಇಟಲಿ ನಮ್ಮ ಪಾಯಸದೊಳಗೆ ಎಂದೋ ಬಂದು ಕುಳಿತಿದೆ.

ಇನ್ನು ಸುಡುವ ವಿಷಯ. ಪದರ ಹಾಕುವ ಲಸಾನ್ಯ ಹಳೆಯದು. ನೇಪಲ್ಸ್ ಆಸ್ಥಾನದ್ದೆನ್ನುವ 14ನೆಯ ಶತಮಾನದ ಒಂದು ಲ್ಯಾಟಿನ್ ಅಡುಗೆ ಪುಸ್ತಕದಲ್ಲಿ ಕಣಕವನ್ನು ಲಟ್ಟಿಸಿ, ಮೂರು ಬೆರಳಗಲ ಚೌಕ ಕತ್ತರಿಸಿ, ಬೇಯಿಸಿ, ತುರಿದ ಗಿಣ್ಣು ಮತ್ತು ಮಸಾಲೆಯ ಜೊತೆ ಪದರ ಹಾಕಬೇಕೆಂದು ಬರೆದಿದೆ. ಟೊಮ್ಯಾಟೊ ಮಾತೇ ಇಲ್ಲ, ಏಕೆಂದರೆ ಅದು ಅಮೆರಿಕದಿಂದ ಯುರೋಪಿಗೆ ಬಂದದ್ದು 16ನೆಯ ಶತಮಾನದಲ್ಲಿ. ಪಾಸ್ತಾಕ್ಕೆ ಅದರ ಗೊಜ್ಜು ಕೂಡಿದ್ದು ಇನ್ನೂ ತಡವಾಗಿ, 1790ರ ಹೊತ್ತಿನ ಪುಸ್ತಕಗಳಲ್ಲಿ. ಇನ್ನು ಓವನ್ನು. ಇಟಲಿಯ ಬಡವರ ಮನೆಗಳಲ್ಲೂ ಅದೆಲ್ಲಿತ್ತು? ಊರ ಬ್ರೆಡ್ಡಿನ ಒಲೆಗೆ ಪಾತ್ರೆ ಹೊತ್ತು ಹೋಗುತ್ತಿದ್ದರು, ಇಲ್ಲವೆ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು.

ಇದೇ ಉಪಾಯ 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಕನ್ನಡದ 'ಸೂಪಶಾಸ್ತ್ರ'ದಲ್ಲಿದೆ. ಅದರಲ್ಲಿ ಮುಚ್ಚಳ ರೊಟ್ಟಿ ಎಂಬ ತಿನಿಸು ಬರುತ್ತದೆ. ಕೆಳಗೂ ಬೆಂಕಿ, ಮೇಲಿನ ಮುಚ್ಚಳಕ್ಕೂ ಬೆಂಕಿ, ನಡುವೆ ಗೋದಿ ಕಣಕ. ಬೆಂದ ಮೇಲೆ ತುಪ್ಪಕ್ಕೆ ಅದ್ದುವುದು. ಓವನ್ ಎಂದರೆ ಇದಕ್ಕಿಂತ ಬೇರೆ ಏನು?

ಹಾಗಾಗಿ ಮನೆಯಲ್ಲೇ ಮಾಡುವವರಿಗೆ ಒಂದು ವಿಧಾನ ಹೇಳಿಬಿಡುತ್ತೇವೆ. ಬೆಂಗಳೂರಿನ ಅಂಗಡಿಗಳಲ್ಲಿ ಬನ್ಸಿ ರವೆ ಎಂದು ಮಾರುವುದು ಡ್ಯೂರಮ್ ಗೋದಿಯದು. ಪಾಸ್ತಾಕ್ಕೆ ಇಟಲಿಯವರು ಬಳಸುವುದೂ ಡ್ಯೂರಮ್ಮೇ. ಡ್ಯೂರಮ್ ಎಂದರೆ ಲ್ಯಾಟಿನ್‌ನಲ್ಲಿ ಗಟ್ಟಿ. (ಬೆಳಗಾವಿ, ಬಾಗಲಕೋಟೆ ಕಡೆಯ ಖಪ್ಲಿ ಗೋದಿಯನ್ನೂ ಇಟಲಿಯವರು ಫಾರ್ರೊ ಎಂದು ಬೆಳೆಯುತ್ತಾರೆ.) 400 ಗ್ರಾಂ ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸುಮಾರು 200 ಮಿಲಿ ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಡದೆ ನಾದಿ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಅಗಲ ಪಟ್ಟಿ ಕತ್ತರಿಸಿ, ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿ ತೆಗೆಯಿರಿ. ಒಂದು ಕಿಲೊ ಹಣ್ಣು ಟೊಮ್ಯಾಟೊ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ನೀರಿಂಗುವವರೆಗೆ ಗೊಜ್ಜು ಕಾಯಿಸಿ. ಬದನೆಕಾಯಿ ಹೋಳು ಹುರಿದು ಸೇರಿಸಿ. ಸಿಸಿಲಿಯವರ ಸುಟ್ಟ ಪಾಸ್ತಾದಲ್ಲೂ ಬದನೆಕಾಯಿ ಇರುತ್ತದೆ. ಎರಡು ಚಮಚ ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹುರಿದು ಅರ್ಧ ಲೀಟರು ಎಮ್ಮೆ ಹಾಲು ಹೊಯ್ದು ಗಂಟಾಗದಂತೆ ತಿರುವಿದರೆ ಬಿಳಿ ಗೊಜ್ಜು. ಎಣ್ಣೆ ಸವರಿದ ಪಾತ್ರೆಯಲ್ಲಿ ಪಟ್ಟಿ, ಕೆಂಪು ಗೊಜ್ಜು, ಬಿಳಿ ಗೊಜ್ಜು, ತುರಿದ ಚೀಸು ಹೀಗೆ ಮೂರು ನಾಲ್ಕು ಪದರ ಹಾಕಿ. ಮೇಲಿನ ಪದರಕ್ಕೆ ಚೀಸು ಧಾರಾಳವಾಗಿರಲಿ.

ದಪ್ಪ ತಳದ ಹಳೆಯ ಕಬ್ಬಿಣದ ಬಾಣಲೆಗೆ ಎರಡು ಬೆರಳು ಮರಳು ಹಾಕಿ, ಲೋಹದ ತಟ್ಟೆ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಅದರೊಳಗೆ ಸಣ್ಣ ಸ್ಟ್ಯಾಂಡಿನ ಮೇಲೆ ಪಾತ್ರೆ ಇಟ್ಟು ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯವರೆಗೆ ಬಿಡಿ. ಮರಳಿನಲ್ಲಿ ಬೆಂದದ್ದು ಮೇಲೆ ಬೆಳ್ಳಗೇ ಉಳಿಯುತ್ತದೆ. ಅದಕ್ಕೇ ಕೊನೆಯ ಹತ್ತು ನಿಮಿಷ ಮಂಗರಸನ ಮುಚ್ಚಳ ಬೇಕು. ಕಟ್ಟಿಗೆ ಒಲೆ ಇನ್ನೂ ಇರುವ ಮನೆಯಿಂದ ಒಂದು ಸೌಟು ಕೆಂಡ ತಂದು ತಟ್ಟೆಯ ಮೇಲೆ ಹರಡಿ. ಗಾಜಿನ ಮುಚ್ಚಳ ಬೇಡವೇ ಬೇಡ, ಒಡೆಯುತ್ತದೆ. ಕಿಟಕಿ ಬಾಗಿಲು ತೆರೆದಿರಲಿ. ಚೀಸು ಕೆಂಪಗಾದ ವಾಸನೆ ಬಂದ ಕೂಡಲೇ ಮೊದಲು ಕೆಂಡವನ್ನು ಪೂರ್ತಿ ತೆಗೆದು, ತಟ್ಟೆಯ ಮೇಲಿನ ಬೂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ತೆರೆಯಿರಿ. ಕತ್ತರಿಸುವ ಮುಂಚೆ ಕಾಲು ಗಂಟೆ ತಡೆಯಿರಿ, ಇಲ್ಲದಿದ್ದರೆ ಪದರಗಳು ಜಾರುತ್ತವೆ.