ಬರಲಾಗದವರ ಲೆಕ್ಕ



ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಅರೇಬಿಯಾದಲ್ಲಿ ಭೀಕರ ಬರ ಬಿತ್ತು. ಒಣಗಿದ ನೆಲದಿಂದ ಬೂದಿಯಂತೆ ಧೂಳು ಏಳುತ್ತಿದ್ದುದರಿಂದ ಅದಕ್ಕೆ ಬೂದಿಯ ವರ್ಷ ಎಂದು ಹೆಸರಾಯಿತು. ಹಸಿದ ಜನ ಮದೀನಕ್ಕೆ ಬಂದು ಸೇರಿದರು. ಖಲೀಫ ಹಝ್ರತ್ ಉಮರ್(ರ) ಸಿರಿಯಾದಿಂದ ಧಾನ್ಯ ತರಿಸಿದರು, ಬರ ತೀರುವ ತನಕ ತಾವು ತುಪ್ಪ ಮುಟ್ಟಲಿಲ್ಲ. ಇಷ್ಟನ್ನು ನಾವು ಖುತ್ಬಾಗಳಲ್ಲಿ ಹಲವು ಸಲ ಹೇಳಿದ್ದೇವೆ. ಇಬ್ನು ಸಅದ್ ದಾಖಲಿಸಿದ ಇನ್ನೊಂದು ಸಂಗತಿಯನ್ನು ಮಾತ್ರ ಅಷ್ಟಾಗಿ ಹೇಳಿಲ್ಲ. ಒಂದು ರಾತ್ರಿ ಉಮರ್(ರ) ಊಟಕ್ಕೆ ಬಂದವರನ್ನು ಎಣಿಸಲು ಹೇಳಿದರು. ಸುಮಾರು 7,000 ಮಂದಿ ಇದ್ದರು. ಬಳಿಕ, ಬರಲಾಗದೆ ಬಿಡಾರಗಳಲ್ಲೇ ಉಳಿದ ಮನೆಮಂದಿ, ರೋಗಿಗಳು ಮತ್ತು ಮಕ್ಕಳನ್ನು ಎಣಿಸಿರಿ ಎಂದರು. ಆ ಲೆಕ್ಕ 40,000ಕ್ಕೆ ಮುಟ್ಟಿತು.

ಬಂದವರಿಗಿಂತ ಬರಲಾಗದವರೇ ಹೆಚ್ಚು! ಎಣಿಸದೆ ಹೋಗಿದ್ದರೆ ಅವರ ಹಸಿವು ಯಾರಿಗೂ ಕಾಣುತ್ತಿರಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಕಡೂರು, ತರೀಕೆರೆ, ಅಜ್ಜಂಪುರದ ಬಯಲು ಬರಕ್ಕೆ ಹೊಸದಲ್ಲ. ಮಲೆನಾಡಿನಲ್ಲಿ ಸುರಿದ ಮಳೆ ಗುಡ್ಡ ದಾಟಿ ಈ ಕಡೆ ಬರುವಷ್ಟರಲ್ಲಿ ಹನಿಯಾಗಿರುತ್ತದೆ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ ಇತ್ತು. 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು.

ಆಗಲೂ ಗಂಜಿ ಕೇಂದ್ರಗಳಿದ್ದವು, ಕೂಲಿ ಕಾಮಗಾರಿಗಳಿದ್ದವು. ಗುದ್ದಲಿ ಹಿಡಿಯಬಲ್ಲವನಿಗೆ ಕೂಲಿ, ಕೇಂದ್ರದವರೆಗೆ ನಡೆಯಬಲ್ಲವನಿಗೆ ಗಂಜಿ. ನಡೆಯಲಾಗದವನ ಗತಿ ಏನು? ಈ ಪ್ರಶ್ನೆಗೆ ಸರಕಾರದ ನಿಯಮದಲ್ಲಿ ಉತ್ತರ ಮೂಡಿದ್ದು ಕ್ಷಾಮ ಮುಗಿದ ಮೇಲೆ. 1880ರ ಕ್ಷಾಮ ಆಯೋಗದ ವರದಿ ಮತ್ತು ಅದರ ಹಿಂದೆ ಬಂದ 1883ರ ಕ್ಷಾಮ ಸಂಹಿತೆಯಲ್ಲಿ, ಕಣ್ಣಿಲ್ಲದವರು, ಕಾಲಿಲ್ಲದವರು, ಮುಪ್ಪಿನಿಂದ ದುಡಿಯಲಾಗದವರ ಪಟ್ಟಿಯನ್ನು ಹಳ್ಳಿಯಲ್ಲೇ ತಯಾರಿಸಿ ಅವರಿಗೆ ಕೆಲಸ ಕೇಳದೆ ನೆರವು ಕೊಡಬೇಕೆಂದು ಬರೆಯಲಾಯಿತು. ಲಕ್ಷಾಂತರ ಜೀವ ಹೋದ ಮೇಲೆ ಕಲಿತ ಪಾಠ ಅದು. ಮದೀನದಲ್ಲಿ ಆ ಪಾಠವನ್ನು ಬರದ ನಡುವೆಯೇ ಕಲಿತಿದ್ದರು.

ಕ್ಷಾಮದ ನಂತರ ನಾಡನ್ನು ಮತ್ತೆ ಕಟ್ಟುವ ಕೆಲಸವೂ ನಡೆಯಿತು. ಕಡೂರು, ಬೀರೂರು, ಅಜ್ಜಂಪುರದ ಮೂಲಕ ಹರಿಹರಕ್ಕೆ ಹೋಗುವ ರೈಲು ಮಾರ್ಗ 1889ರಲ್ಲಿ ಮುಗಿಯಿತು. ಬೀರೂರಿನಿಂದ ತರೀಕೆರೆ ದಾಟಿ ಶಿವಮೊಗ್ಗಕ್ಕೆ 1899ರಲ್ಲಿ ಹಳಿ ಬಿತ್ತು. ದೂರದ ಧಾನ್ಯ ನಮ್ಮ ಊರಿನ ಸ್ಟೇಶನ್ನಿಗೆ ಬರಲು ದಾರಿಯಾಯಿತು. ಆದರೆ ಸ್ಟೇಶನ್ನಿನಿಂದ ಹಾಸಿಗೆ ಹಿಡಿದವನ ಮನೆಯ ತನಕ ರೈಲು ಹೋಗುವುದಿಲ್ಲ. ಆ ದೂರವನ್ನು ನೆರೆಹೊರೆಯವರೇ ನಡೆಯಬೇಕು.

ವಿಪತ್ತು ಈಗಲೂ ಬರುತ್ತಿದೆ. 2018ರಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡರು. ಅಂಥ ರಾತ್ರಿ, ಓಡಿ ಎಂಬ ಕೂಗು ಕಿವಿ ಕೇಳದವನಿಗೆ ಮುಟ್ಟುವುದಿಲ್ಲ. ಕೂಗು ಕೇಳಿದರೂ ಗಾಲಿಕುರ್ಚಿಯಲ್ಲಿರುವವನು ಓಡಲಾರ. ಇದನ್ನೆಲ್ಲ ಮನಗಂಡೇ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 8ನೇ ಕಲಂ ಬಂದಿದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರಗಳನ್ನು ದಾಖಲಿಸಿಟ್ಟು, ಅಪಾಯದ ಸೂಚನೆ ಅವರಿಗೆ ಮುಟ್ಟುವಂತೆ ಮಾಡಬೇಕು. ವಿಪತ್ತಿನ ನಂತರ ಮತ್ತೆ ಕಟ್ಟುವಾಗ ಅವರೂ ಬಳಸಬಲ್ಲ ಹಾಗೆ ಕಟ್ಟಬೇಕು. ಇದು ಯಾರದೋ ದಯೆಯಲ್ಲ, ಕಾನೂನು.

ನಮ್ಮ ದೀನ್‌ನಲ್ಲಿ ಇದರ ಬೇರು ಇನ್ನೂ ಆಳದಲ್ಲಿದೆ. ಅಂಧ ಸಹಾಬಿ ಹಝ್ರತ್ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಅವರ ವಿಷಯದಲ್ಲಿ ಅಬಸ ಸೂರಾ ಅವತೀರ್ಣವಾಯಿತು. ಪ್ರವಾದಿವರ್ಯರು(ಸ) ಪ್ರಯಾಣ ಹೊರಟಾಗ ಎಷ್ಟೋ ಸಲ ಮದೀನದ ಹೊಣೆಯನ್ನು ಅವರಿಗೇ ಒಪ್ಪಿಸಿದರು. ರಮಝಾನ್‌ನಲ್ಲಿ ಫಜ್ರ್ ಅಝಾನ್ ಅವರದೇ ಆಗಿತ್ತು. ಬೆಳಗಾಯಿತು ಎಂದು ಜನ ಹೇಳುತ್ತಿದ್ದರು, ಅವರು ಅಝಾನ್ ಕೊಡುತ್ತಿದ್ದರು. ಕಣ್ಣು ಇತರರದು, ಕಂಠ ಅವರದು. ಮುಂದೆ ಉಮವೀ ಖಲೀಫ ವಲೀದ್ (ಕ್ರಿ.ಶ. 705–715) ನಡೆಯಲಾಗದವರಿಗೆ ಸೇವಕರನ್ನೂ ಅಂಧರಿಗೆ ಕೈ ಹಿಡಿದು ನಡೆಸುವವರನ್ನೂ ನೇಮಿಸಿದರೆಂದು ತಬರಿ ಬರೆದಿದ್ದಾರೆ.

ಇನ್ನು ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. 2020ರ ಲಾಕ್‌ಡೌನ್‌ನಲ್ಲಿ ನಾವು ಮಸೀದಿಯಿಂದ ರೇಷನ್ ಕಿಟ್ ಹಂಚಿದೆವು. ಟೋಕನ್ ಕೊಟ್ಟೆವು, ಸಾಲು ನಿಲ್ಲಿಸಿದೆವು, ಮುಗಿದ ಮೇಲೆ ಅಲ್‌ಹಮ್ದುಲಿಲ್ಲಾಹ್ ಎಂದೆವು. ವಾರ ಕಳೆದ ಮೇಲೆ ತಿಳಿಯಿತು: ನಮ್ಮದೇ ಬೀದಿಯಲ್ಲಿ ಲಕ್ವ ಹೊಡೆದು ಮಲಗಿದ್ದ ಒಬ್ಬ ಚಾಚಾಗೆ ಕಿಟ್ ಮುಟ್ಟಿರಲಿಲ್ಲ. ಪಟ್ಟಿ ಬರೆಯುವಾಗ ಅವರ ಹೆಸರು ಯಾರ ನೆನಪಿಗೂ ಬರಲಿಲ್ಲ, ಏಕೆಂದರೆ ಅವರು ಮಸೀದಿಗೆ ಬರುವುದು ನಿಂತು ಮೂರು ವರ್ಷವಾಗಿತ್ತು. ನಿಂತದ್ದೇಕೆ? ನಮ್ಮ ಮಸೀದಿಗೆ ಐದು ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. ನಾವು ಮೊದಲು ಅವರನ್ನು ಮೆಟ್ಟಿಲಿನಲ್ಲಿ ತಡೆದೆವು, ಆಮೇಲೆ ಪಟ್ಟಿಯಲ್ಲಿ ಮರೆತೆವು. "ಇರಲಿ ಹಝ್ರತ್, ನನ್ನ ನೆನಪು ಯಾರಿಗೆ ತಾನೇ ಬರಬೇಕು" ಎಂದರು ಚಾಚಾ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ನೆರೆ ಬಂದರೆ, ಮನೆ ಬಿದ್ದರೆ ಜನ ಆಸರೆಗೆ ಬರುವುದು ಶಾಲೆಗೆ, ಸಮುದಾಯ ಭವನಕ್ಕೆ, ಮಸೀದಿಗೆ. ಆ ಆಸರೆಯ ಬಾಗಿಲೇ ಕೆಲವರಿಗೆ ಮುಚ್ಚಿದ್ದರೆ? ಆದ್ದರಿಂದ ಪ್ರತಿ ಜಮಾಅತ್ ಈ ವರ್ಷ ಎರಡು ಕೆಲಸ ಮಾಡಲಿ.

ಮೊದಲನೆಯದು ಪಟ್ಟಿ. ಮೊಹಲ್ಲಾದಲ್ಲಿ ನಡೆಯಲಾಗದವರು, ಕಾಣದವರು, ಕೇಳದವರು, ಬುದ್ಧಿಮಾಂದ್ಯ ಮಕ್ಕಳು ಯಾರು, ಅವರ ಪಕ್ಕದ ಮನೆ ಯಾವುದು, ತುರ್ತಿನಲ್ಲಿ ಎತ್ತಿ ತರುವ ಇಬ್ಬರು ಯುವಕರು ಯಾರು ಎಂದು ಬರೆದಿಡಿ. ಮುಸ್ಲಿಮರಲ್ಲದ ನೆರೆಯವರನ್ನೂ ಸೇರಿಸಿರಿ, ನೆರೆಯವನ ಹಕ್ಕಿಗೆ ಧರ್ಮದ ಭೇದವಿಲ್ಲ. ಯು.ಡಿ.ಐ.ಡಿ. ಕಾರ್ಡ್ ಇಲ್ಲದವರಿಗೆ ಮಾಡಿಸಿಕೊಡಿ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

ಎರಡನೆಯದು ದಾರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಐದು ಮೆಟ್ಟಿಲಿದ್ದರೆ ಎರಡೂವರೆ ಅಡಿ ಎತ್ತರ, ಅದಕ್ಕೆ 30 ಅಡಿ. ಅಂಗಳ ಚಿಕ್ಕದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಜೊತೆಗೆ ಮೂರು ಅಡಿ ಅಗಲದ ಬಾಗಿಲು, ಕೂತು ವುಝೂ ಮಾಡಲು ಜಾಗ, ಶೌಚಾಲಯದಲ್ಲಿ ಒಂದು ಕಂಬಿ. ಹೊಸದಾಗಿ ಕಟ್ಟುವಾಗಲೇ ಮಾಡಿದರೆ ಖರ್ಚು ಸ್ವಲ್ಪ, ಕಟ್ಟಿದ್ದನ್ನು ಒಡೆದು ಮಾಡಿದರೆ ದುಪ್ಪಟ್ಟು.

ನಮ್ಮ ಮಸೀದಿಯ ಇಳಿಜಾರಿನ ಕೆಲಸ ಮುಗಿದಿದೆ. ಚಾಚಾ ಮೊದಲ ಜುಮಾಕ್ಕೆ ಮೊಮ್ಮಗನ ಜೊತೆ ಗಾಲಿಕುರ್ಚಿಯಲ್ಲಿ ಬಂದರು. ಅಂದು ನಾವು ಖುತ್ಬಾದಲ್ಲಿ ಹೇಳಿದ್ದು ಉಮರ್(ರ) ಅವರ ಆ ರಾತ್ರಿಯ ಎಣಿಕೆಯನ್ನೇ.

ಬರಲಾಗದವರನ್ನು ಮರೆಯದ ಜಮಾಅತ್ ಆಗಿ ಬಾಳಲು ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.